ಆಗುಂಬೆ ಹತ್ತಿ ಮಾಳ ಇಳಿಯೋದಾ, ಮಾಳ ಹತ್ತಿ ಆಗುಂಬೆ ಇಳಿಯೋದಾ?

ಸಂತೆಕಟ್ಟೆಯವಳು:

ಎಲ್ರಿಗೂ ನಮಸ್ಕಾರ. ತವರು ಉಡುಪಿ ಹತ್ರ ಸಂತೆಕಟ್ಟೆ, ಇರೋದು ಬೆಂಗಳೂರಲ್ಲಿ, ವಯಸ್ಸು 41. ನಾಲ್ಕು ವರ್ಷದಿಂದ ರೋಡ್ ಬೈಕ್ ತುಳೀತಿದೀನಿ. ತಿಂಗಳಿಗೆ ಎರಡು ಸಲ ನಂದಿ ಬೆಟ್ಟ, ಉಳಿದ ದಿನ ಕನಕಪುರ ರಸ್ತೆ. ಈ ಸಲ ದೀಪಾವಳಿಗೆ ಅಮ್ಮನ ಮನೆಗೆ ಹೋಗುವಾಗ ಸೈಕಲ್ಲನ್ನೂ ಬಸ್ಸಿನ ಡಿಕ್ಕಿಗೆ ಹಾಕ್ಕೊಂಡು ಹೋಗೋ ಆಲೋಚನೆ.

ಪ್ಲ್ಯಾನ್ ಹೀಗಿದೆ. ಮೊದಲ ದಿನ ಉಡುಪಿ, ಹೆಬ್ರಿ, ಸೋಮೇಶ್ವರ, ಆಗುಂಬೆ, ಶೃಂಗೇರಿ. ರಾತ್ರಿ ಶೃಂಗೇರಿಯಲ್ಲಿ. ಮರುದಿನ ನೆಮ್ಮಾರು, ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಮಾಳ ಘಾಟಿ ಇಳಿದು ಬಜಗೋಳಿ, ಕಾರ್ಕಳ, ಮನೆ. ಎಲ್ಲ ಸೇರಿ 190 ಕಿ.ಮೀ. ಆಸುಪಾಸು ಆಗಬಹುದು.

ಜೊತೆಗೆ ತುಳಿಯೋ ಗೆಳತಿ ಉಲ್ಟಾ ಹೋಗು ಅಂತಿದಾಳೆ. ಮಾಳ ಕಡೆ ಏರು ಮೆತ್ತಗಿದೆಯಂತೆ, ಅದನ್ನ ಹತ್ತಿಬಿಟ್ರೆ ಎರಡನೇ ದಿನ ಆಗುಂಬೆ ಜುಮ್ ಅಂತ ಇಳಿದು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು ಅನ್ನೋದು ಅವಳ ವಾದ.

ನನ್ನ ತೊಂದರೆ ಆ ‘ಜುಮ್’ ಅನ್ನೋದೇ. ಎರಡು ವರ್ಷದ ಹಿಂದೆ ನಂದಿ ಇಳಿಯುವಾಗ ತಿರುವಲ್ಲಿ ಮರಳಿಗೆ ಮುಂದಿನ ಚಕ್ರ ಜಾರಿ ಬಿದ್ದೆ, ಕಾಲರ್ ಬೋನ್ ಮುರೀತು. ಮೂಳೆ ಸೇರ್ತು, ಭಯ ಹೋಗಿಲ್ಲ. ಈಗಲೂ ಇಳಿಜಾರು ಬಂದ್ರೆ ಸಾಕು, ನಾನು ಹೇಳದೇನೇ ಕೈ ಎರಡೂ ಬ್ರೇಕ್ ಅದುಮಿ ಹಿಡ್ಕೊಂಡುಬಿಡತ್ತೆ. ಕೆಳಗೆ ಬರೋ ಹೊತ್ತಿಗೆ ಬೆರಳು ಮರಗಟ್ಟಿರತ್ತೆ.

ಸೈಕಲ್ ಹಳೇದು, ರಿಮ್ ಬ್ರೇಕ್ (ಚಕ್ರದ ರಿಮ್ಮನ್ನೇ ರಬ್ಬರ್ ಅದುಮಿ ಹಿಡಿಯೋದು). ಗೇರಿನ ಹಲ್ಲು ಮುಂದೆ 50/34, ಹಿಂದೆ 11-28, ಟೈರ್ 25 ಮಿ.ಮೀ. ಈ ಗೇರಲ್ಲಿ ಆಗುಂಬೆ ಹತ್ತೋಕಾಗತ್ತಾ? ಯಾವ ದಿಕ್ಕು ವಾಸಿ? ಆ ಕಡೆ ನಿಜವಾಗ್ಲೂ ತುಳಿದವರು ಹೇಳಿ. ಕಾರಲ್ಲಿ ಹೋಗಿ ‘ಸೂಪರ್ ವ್ಯೂ’ ಅಂದವರು ಮನೇಲೇ ಬೇಕಾದಷ್ಟು ಜನ ಇದಾರೆ.

ಗೇರ್‌ಲೆಕ್ಕ:

ಮೇಡಂ, ನಾನು ಆಗುಂಬೆ ಹತ್ತಿರೋದು ಒಂದೇ ಸಲ. ಹಾಗಾಗಿ ಅನುಭವಕ್ಕಿಂತ ಲೆಕ್ಕ ಜಾಸ್ತಿ ಹೇಳ್ತೀನಿ.

ನಿಮ್ಮ ಕಡಿಮೆ ಗೇರ್ 34ಕ್ಕೆ 28. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಎರಡೂವರೆ ಮೀಟರ್ ಮುಂದೆ ಹೋಗುತ್ತೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9 ಕಿ.ಮೀ. ಸೈಕಲ್ ಸೇರಿ 75 ಕೆಜಿ ಅಂತ ಇಟ್ಕೊಂಡ್ರೂ ನೂರಕ್ಕೆ ಏಳರ ಏರಿನಲ್ಲಿ ಆ ವೇಗಕ್ಕೆ 145-150 ವ್ಯಾಟ್ ಬೇಕು. ನಂದಿ ನಿಲ್ಲದೆ ಹತ್ತೋರಿಗೆ ಇದು ಆಗದ ಮಾತಲ್ಲ. ಆದರೆ ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಬದಲಾಯಿಸಿ 32 ಅಥವಾ 34 ಹಲ್ಲಿನದು ಹಾಕಿಸಿದರೆ ಮಂಡಿ ನಿಮ್ಮನ್ನ ಹರಸುತ್ತೆ. ಚೈನನ್ನ ಗೇರಿಂದ ಗೇರಿಗೆ ಸರಿಸೋ ನಿಮ್ಮ ಡಿರೇಲರ್ ಅಷ್ಟು ದೊಡ್ಡ ಹಲ್ಲು ತಡೆಯುತ್ತಾ ಅಂತ ಮೊದಲು ಅಂಗಡಿಯಲ್ಲಿ ಕೇಳಿ, ಎಲ್ಲದಕ್ಕೂ ಕೂರಲ್ಲ. ಚೈನೂ ಉದ್ದ ಬೇಕಾಗಬಹುದು.

ದಿಕ್ಕಿನ ವಿಷಯದಲ್ಲಿ ನಿಮ್ಮ ಗೆಳತಿ ಹೇಳೋದೇ ಸರಿ ಅಂತ ನನಗನ್ಸುತ್ತೆ. ಮೆತ್ತಗಿನ ಏರು ಹತ್ತಿ, ಕಡಿದಾದ್ದು ಇಳಿದ್ರೆ ಶ್ರಮ ಕಡಿಮೆ.

ಒಂಟಿ ಪೆಡಲ್:

ಅಕ್ಕಾ, ಕ್ಯಾಸೆಟ್ ದುಡ್ಡಲ್ಲಿ ಹೆಬ್ರಿಯಲ್ಲಿ ಬನ್ಸ್ ತಿನ್ನಿ. ಹತ್ತೋಕೆ ಬೇಕಾಗಿರೋದು ಅದೇ.

ಟಪ್ಪಾಲು ಸೈಕಲ್:

ಮೇಡಂ, ಇಲ್ಲಿ ಎಲ್ಲರೂ ಹತ್ತುವ ಲೆಕ್ಕ ಹೇಳ್ತಾ ಇದ್ದಾರೆ. ಹತ್ತುವಾಗ ಬಿದ್ದು ಪೆಟ್ಟು ಮಾಡಿಕೊಂಡವರನ್ನು ನಾನು ನೋಡಿದ್ದಿಲ್ಲ. ನಾನು ಇಳಿಯುವ ಲೆಕ್ಕ ಹೇಳ್ತೇನೆ.

ನನ್ನ ಕೆಲಸ ಟಪ್ಪಾಲು ಹಂಚುವುದು, ಘಾಟಿ ಬುಡದ ಊರುಗಳಲ್ಲಿ. ಮೊದಲು ಅಟ್ಲಸ್ ಸೈಕಲ್ಲಿನಲ್ಲಿ ಹೋಗ್ತಾ ಇದ್ದೆ, ಈಗ ಸ್ಕೂಟರು. ಬೆಂಗಳೂರಲ್ಲಿರುವ ಅಳಿಯ ಒಮ್ಮೆ ಅವನ ಹಳೆಯ ರೋಡ್ ಬೈಕು ತಂದು ನಮ್ಮ ಕೊಟ್ಟಿಗೆಯಲ್ಲಿ ಇಟ್ಟು ಹೋದ. ಕೊಂಡುಹೋಗ್ಲಿಕ್ಕೆ ಬರಲೇ ಇಲ್ಲ. ಈಗ ಅದು ನನ್ನದೇ. ಆದಿತ್ಯವಾರ ಬೆಳಿಗ್ಗೆ ಆಗುಂಬೆಗೆ ಹೋಗಿ ಒಂದು ಕಷಾಯ ಕುಡಿದು ಬರುವುದು ಅಭ್ಯಾಸ ಆಗಿಹೋಗಿದೆ. ಎಷ್ಟು ಸಲ ಹತ್ತಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ.

ಮೊದಲು ಜಾಗದ ಗುಣ ತಿಳ್ಕೊಳ್ಳಿ. ಸೋಮೇಶ್ವರದಿಂದ ಆಗುಂಬೆಗೆ ಐನೂರು ಮೀಟರಿಗಿಂತ ಹೆಚ್ಚು ಎತ್ತರ. ಅದನ್ನು ಕೆಲವೇ ಕಿಲೋಮೀಟರಿನಲ್ಲಿ, 14 ಸುತ್ತಿನಲ್ಲಿ ಮುಗಿಸಿದ್ದಾರೆ. ರಸ್ತೆ ಸಪೂರ. ದೊಡ್ಡ ಲಾರಿ, ದೊಡ್ಡ ಬಸ್ಸು ಬಿಡುವುದಿಲ್ಲ, ಮಿನಿ ಬಸ್ಸು ಮಾತ್ರ. ಹಾಗಂತ ಮಿನಿ ಬಸ್ಸನ್ನು ಹಗುರ ಮಾಡಬೇಡಿ. ಸುತ್ತು ತಿರುಗುವಾಗ ಇಡೀ ರಸ್ತೆ ಅದರದ್ದೇ. ಹಾರ್ನ್ ಕೇಳಿದ ಕೂಡಲೇ ಬದಿಗೆ ನಿಂತುಬಿಡಿ, ಮಾನ ಎಂತದ್ದೂ ಹೋಗುವುದಿಲ್ಲ.

ಇನ್ನು ಬಿಸಿಲು. ಜನ ಸೂರ್ಯಾಸ್ತ ನೋಡ್ಲಿಕ್ಕೆ ಬರುವ ಗುಡ್ಡ ಅದು. ಅಂದರೆ ಘಾಟಿಯ ಮುಖ ಪಡುವಣಕ್ಕೆ. ಬೆಳಿಗ್ಗೆ ಸೂರ್ಯ ಗುಡ್ಡದ ಬೆನ್ನ ಹಿಂದೆ ಇರ್ತಾನೆ, ತುಂಬಾ ಹೊತ್ತಿನವರೆಗೆ ರಸ್ತೆಗೆ ಬಿಸಿಲು ಇಳಿಯುವುದಿಲ್ಲ. ಹತ್ತುವವರಿಗೆ ಇದು ವರ. ಕರಾವಳಿಯ ಸೆಖೆಯಲ್ಲಿ ಹೆಬ್ರಿವರೆಗೆ ಬೆವರಿ ನೀರಾಗಿ ಬಂದವರಿಗೆ ಅಲ್ಲಿಂದ ಮುಂದೆ ಮನೆಯ ಒಳಗೆ ಹೊಕ್ಕ ಹಾಗೆ ಆಗ್ತದೆ.

ಇಳಿಯುವವರಿಗೆ ಅದೇ ನೆರಳು ಶಾಪ. ರಾತ್ರಿ ಇಡೀ ಮಂಜು ಕುಡಿದ ಮರ ಬೆಳಿಗ್ಗೆ ತೊಟ್ಟಿಕ್ಕುತ್ತಾ ಇರ್ತದೆ. ಮಳೆ ಬಂದೇ ಇಲ್ಲ, ಆದರೂ ಸುತ್ತಿನಲ್ಲಿ ರಸ್ತೆ ಒದ್ದೆ. ಗುಡ್ಡದ ಬದಿಯಲ್ಲಿ ಒರತೆ ಹರಿಯುವ ಕಡೆ ಡಾಂಬರಿನ ಮೇಲೆ ಹಸಿರು ಪಾಚಿ. ಕಾರಿನವರಿಗೆ ಅದು ಕಾಣುವುದೂ ಇಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರು, ಮಳೆಗಾಲ ಮುಗಿದದ್ದು ಕ್ಯಾಲೆಂಡರಿನಲ್ಲಿ ಮಾತ್ರ. ದೀಪಾವಳಿ ಹೊತ್ತಿಗೂ ಆ ಪಾಚಿ ಒಣಗಿರುವುದಿಲ್ಲ.

ನನ್ನದೇ ಕತೆ ಹೇಳ್ತೇನೆ. 2017ರ ನವೆಂಬರ್. ಆಗುಂಬೆಯಲ್ಲಿ ನೆಂಟರ ಮನೆಯಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಏಳೂವರೆಗೆ ಇಳಿಯಲು ಹೊರಟೆ. ಮಂಜು ಎಷ್ಟಿತ್ತೆಂದರೆ ಹ್ಯಾಂಡಲಿನ ಮುಂದೆ ಚಕ್ರ ಕಂಡರೆ ಹೆಚ್ಚು. ಹೆದರಿಕೆಗೆ ಎರಡೂ ಬ್ರೇಕು ಹಿಡಿದವ ಬಿಡಲೇ ಇಲ್ಲ, ನೀವು ಹೇಳಿದ ಹಾಗೆಯೇ. ಸೂರ್ಯಾಸ್ತದ ಕಟ್ಟೆ ದಾಟಿ ಐದನೆಯದೋ ಆರನೆಯದೋ ಸುತ್ತು. ಮೊದಲು ಸುಟ್ಟ ರಬ್ಬರಿನ ವಾಸನೆ ಬಂತು. ಯಾವುದೋ ಕಾರಿನದ್ದು ಅಂತ ಗ್ರಹಿಸಿದೆ. ಹಿಂದೆ ಮುಂದೆ ಕಾರೇ ಇರಲಿಲ್ಲ. ಮರುಗಳಿಗೆ ಗರ್ನಾಲು ಬಿಟ್ಟ ಹಾಗೆ ಢಂ! ಮುಂದಿನ ಟ್ಯೂಬು. ತಡೆಗೋಡೆಯ ಮೇಲೆ ಕೂತಿದ್ದ ಮಂಗಗಳೆಲ್ಲ ಮರ ಹತ್ತಿದವು, ನಾನು ಗುಡ್ಡದ ಬದಿಯ ಚರಂಡಿಗೆ ಇಳಿದೆ. ಪುಣ್ಯಕ್ಕೆ ಗುಡ್ಡದ ಬದಿ. ಎದ್ದು ಎಂತ ಆಯಿತು ನೋಡುವ ಅಂತ ರಿಮ್ ಮುಟ್ಟಿದೆ, ಹೆಬ್ಬೆರಳಲ್ಲಿ ಬೊಕ್ಕೆ ಎದ್ದಿತು. ಕಾವಲಿಯ ಹಾಗೆ ಕಾದಿತ್ತು ಅದು. ಟೈರು ಎಲ್ಲಿಯೂ ಕೊಯ್ದಿರಲಿಲ್ಲ. ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಟೈರಿನ ಅಂಚನ್ನೇ ರಿಮ್ಮಿನಿಂದ ಎಬ್ಬಿಸಿ ಹೊರಗೆ ಬಂದದ್ದು. ಬಾಳೆಗೊನೆಯ ಪಿಕಪ್‌ನವರೊಬ್ಬರು ನಿಲ್ಲಿಸಿದರು, ಗೊನೆಯ ಮೇಲೆ ಕೂತು ಸೋಮೇಶ್ವರಕ್ಕೆ ಬಂದೆ. ಮನೆಯಲ್ಲಿ ಪಂಕ್ಚರ್ ಅಂತ ಮಾತ್ರ ಹೇಳಿದ್ದು.

ಹಾಗಾಗಿ ದಿಕ್ಕಿನ ಪ್ರಶ್ನೆಗೆ ನನ್ನ ಉತ್ತರ: ಆಗುಂಬೆ ಹತ್ತಿ, ಮಾಳ ಇಳಿಯಿರಿ. ನೀವು ಮೊದಲು ಹಾಕಿದ ಪ್ಲ್ಯಾನೇ ಸರಿ. ಶ್ರಮ ಕಡಿಮೆ ಅಂತ ಉಲ್ಟಾ ಹೋಗಬೇಡಿ. ದಮ್ಮು ಕಟ್ಟಿದರೆ ಕಾಲು ಕೆಳಗಿಟ್ಟು ನಿಲ್ಲಬಹುದು, ಬ್ರೇಕು ಕೈಕೊಟ್ಟರೆ ನಿಲ್ಲುವುದು ಎಲ್ಲಿ? ಮಾಳ ಕಡೆ ರಸ್ತೆ ಅಗಲ, ಇಳಿಜಾರು ಉದ್ದಕ್ಕೆ ಹಂಚಿಕೊಂಡಿದೆ, ಆಗುಂಬೆಯ ಹಾಗೆ ಒಂದರ ಕೆಳಗೆ ಒಂದು ಸುತ್ತು ಇಲ್ಲ. ಅಲ್ಲೂ ಬೆಳಿಗ್ಗೆ ಬೇಗ ಇಳಿಯಬೇಡಿ. ಹತ್ತು ಗಂಟೆ ದಾಟಲಿ, ರಸ್ತೆ ಒಣಗಲಿ. ಶೃಂಗೇರಿಯಿಂದ ನಿಧಾನ ಹೊರಟರೆ ಎಸ್.ಕೆ. ಬಾರ್ಡರಿಗೆ ಬರುವಾಗ ಹೊತ್ತು ಸರಿ ಆಗ್ತದೆ.

ಬ್ರೇಕು ಹಿಡಿಯುವ ಕ್ರಮ. ನೇರ ರಸ್ತೆಯಲ್ಲಿ, ಸುತ್ತು ಬರುವ ಮೊದಲೇ, ಗಟ್ಟಿಯಾಗಿ ಹಿಡಿದು ವೇಗ ಇಳಿಸಿ. ಸುತ್ತಿನ ಒಳಗೆ ಹೊಕ್ಕ ಮೇಲೆ ಬೆರಳು ಸಡಿಲ ಬಿಡಿ. ತಿರುಗುತ್ತಾ ಇರುವಾಗ ಮುಂದಿನ ಬ್ರೇಕು ಎಳೆದರೆ ನಂದಿಯಲ್ಲಿ ಆದದ್ದೇ ಆಗ್ತದೆ. ದಾಟಿದ ಮೇಲೆ ಸ್ವಲ್ಪ ಓಡಲಿ, ರಿಮ್ಮಿಗೆ ಗಾಳಿ ಸಿಕ್ಕಿ ತಣಿಯಲಿ, ಮತ್ತೆ ಹಿಡಿಯಿರಿ. ಕೈ ಹ್ಯಾಂಡಲಿನ ಕೆಳಗಿನ ಬಾಗಿನಲ್ಲಿ ಇರಲಿ. ಮೇಲಿನಿಂದ ಹಿಡಿದರೆ ಎರಡು ಬೆರಳಿನ ಬಲ ಸಾಲುವುದಿಲ್ಲ, ಅದಕ್ಕೇ ನಿಮ್ಮ ಬೆರಳು ಮರಗಟ್ಟುವುದು. ರಿಮ್ ಒದ್ದೆ ಇದ್ದರೆ ಹಿಡಿದ ಕೂಡಲೇ ನಿಲ್ಲುತ್ತದೆ ಅಂತ ನಂಬಬೇಡಿ. ಚಕ್ರ ಒಂದೆರಡು ಸುತ್ತು ತಿರುಗಿ ನೀರು ಒರೆಸಿಕೊಂಡ ಮೇಲೇ ಬ್ರೇಕು ಕಚ್ಚುವುದು. ನನ್ನ ಅಟ್ಲಸಿಗೆ ಸರಳಿನ ಬ್ರೇಕು, ಮಳೆಗಾಲದಲ್ಲಿ ಇದ್ದೂ ಇಲ್ಲದ ಹಾಗೆ. ಚಪ್ಪಲಿಯೇ ಬ್ರೇಕು. ವರ್ಷಕ್ಕೆ ಮೂರು ಜೊತೆ ಸವೆಸಿದ್ದೇನೆ.

ಹತ್ತುವಾಗ ಒಂದೇ ಮಾತು. ನಾವು ರಸ್ತೆಯ ಎಡಕ್ಕೆ ಇರ್ತೇವೆ, ಅಲ್ಲವಾ? ಎಡಕ್ಕೆ ತಿರುಗುವ ಸುತ್ತಿನಲ್ಲಿ ನಿಮಗೆ ಸಿಗುವುದು ಒಳಬದಿ, ಅದು ಗೋಡೆ ಹತ್ತಿದ ಹಾಗೆ. ಅಲ್ಲಿ ಮೊದಲೇ ಸಣ್ಣ ಗೇರಿಗೆ ಬನ್ನಿ. ಅರ್ಧದಲ್ಲಿ ಬದಲಿಸಿದರೆ ಚೈನು ಜಾರ್ತದೆ. ಬಲಕ್ಕೆ ತಿರುಗುವ ಸುತ್ತು ಹೊರಬದಿ, ಅಲ್ಲಿ ಉಸಿರು ತೆಗೆದುಕೊಳ್ಳಿ. ಮತ್ತೆ ಬೆಲ್ಲನ್ನು ನಂಬಬೇಡಿ, ಅದು ಯಾರಿಗೂ ಕೇಳುವುದಿಲ್ಲ. ನಾನು ಪ್ರತೀ ಸುತ್ತಿಗೂ ಒಂದು ಕೂ ಹಾಕ್ತೇನೆ. ಕಾಡಿನಲ್ಲಿ ಒಬ್ಬರನ್ನೊಬ್ಬರು ಕರೆಯುವ ಕೂ. ಹೊಸಬರು ಇವನಿಗೆ ಎಂತ ಆಯ್ತು ಅಂತ ನೋಡ್ತಾರೆ, ನೋಡಲಿ. ನೋಡಿದರೆ ಸಾಕಲ್ಲ, ಅದೇ ಬೇಕಾದ್ದು.

ಗೇರ್‌ಲೆಕ್ಕ:

ಅಣ್ಣಾ, ನನ್ನ ಮಾತು ವಾಪಸ್ ತಗೊಂಡೆ. ನೀವು ಹೇಳಿದ್ದನ್ನ ಲೆಕ್ಕಕ್ಕೆ ಹಾಕಿ ನೋಡಿದೆ. ಸೈಕಲ್, ಸವಾರ, ಚೀಲ ಎಲ್ಲ ಸೇರಿ 85 ಕೆಜಿ, ಇಳಿಯೋದು 550 ಮೀಟರ್ ಅಂತಿಟ್ಕೊಳ್ಳಿ. ಅಷ್ಟನ್ನೂ ಬ್ರೇಕೇ ಹೀರಿಕೊಂಡರೆ ಬರೋ ಶಾಖದಲ್ಲಿ ಕೊಡದ ನೀರು ಒಂದೂವರೆ ಲೀಟರ್ ಹತ್ತಿರ ಕುದಿಸಬಹುದು. ವೇಗವಾಗಿ ಹೋದಾಗ ಇದರಲ್ಲಿ ದೊಡ್ಡ ಪಾಲನ್ನ ಎದುರುಗಾಳಿ ತಿನ್ನುತ್ತೆ. ಹೆದರಿ ನಿಧಾನಕ್ಕೆ ಇಳಿಯೋರಿಗೆ ಗಾಳಿ ಸಹಾಯ ಮಾಡಲ್ಲ, ಎಲ್ಲ ರಿಮ್ ಮೇಲೇ. ಅಂದ್ರೆ ಹೆದರಿದಷ್ಟೂ ರಿಮ್ ಹೆಚ್ಚು ಕಾಯುತ್ತೆ! ಇದು ನನಗೂ ಹೊಳೆದಿರಲಿಲ್ಲ.

ಮೇಡಂ, ಬ್ರೇಕ್ ರಬ್ಬರ್ ಹೊಸದು ಹಾಕಿಸಿ. ಹಳೇ ರಬ್ಬರ್ ಬಿಚ್ಚಿ ನೋಡಿ, ಒಳಗೆ ಅಲ್ಯೂಮಿನಿಯಂ ಚೂರು ಹೊಳೀತಿರುತ್ತೆ, ಅದೇ ರಿಮ್ಮನ್ನ ಗೀರೋದು. ಫ್ರೇಮಲ್ಲಿ ಜಾಗ ಇದ್ರೆ ಟೈರ್ 28ಕ್ಕೆ ಏರಿಸಿ, ಗಾಳಿ ಸ್ವಲ್ಪ ಕಡಿಮೆ ಇರಲಿ. ಕಲ್ಲಿನ ಹಾಗೆ ತುಂಬಿಸಿದ ಟೈರ್ ಒದ್ದೆ ರಸ್ತೆ ಹಿಡಿಯಲ್ಲ.

ಮಾಳದ ಮಗಳು:

ನನ್ನ ತವರು ಮಾಳ, ಆ ರಸ್ತೆಯ ಬಗ್ಗೆ ನಾಲ್ಕು ಮಾತು. ಎಸ್.ಕೆ. ಬಾರ್ಡರ್ ಅಂದ್ರೆ ಹಳೆಯ ಸೌತ್ ಕೆನರಾ ಬಾರ್ಡರ್, ಜಿಲ್ಲೆಯ ಹೆಸರು ಬದಲಾದ್ರೂ ಜಂಕ್ಷನ್ನಿನ ಹೆಸರು ಹಾಗೇ ಉಳೀತು. ಎಡಕ್ಕೆ ಹೋದ್ರೆ ಕುದುರೆಮುಖ, ಕಳಸ. ನೀವು ಬಲಕ್ಕೆ. ಕುದುರೆಮುಖದಲ್ಲಿ ಅದಿರು ತೆಗೀತಿದ್ದ ಕಾಲದಲ್ಲಿ ಅದನ್ನು ಪುಡಿ ಮಾಡಿ, ನೀರಲ್ಲಿ ಕಲಸಿ 67 ಕಿ.ಮೀ. ಪೈಪಲ್ಲಿ ಮಂಗಳೂರಿಗೆ ಇಳಿಸ್ತಿದ್ರು. 2005ರ ಕೊನೆಗೆ ಗಣಿ ನಿಂತಿತು. ನಾವು ಸಣ್ಣವರಿದ್ದಾಗ ಕಂಪನಿ ಬಸ್ಸು ನೋಡ್ಲಿಕ್ಕೆ ರಸ್ತೆ ಬದಿ ನಿಲ್ತಿದ್ವಿ. ಈಗ ಅದೇ ಜಾಗದಲ್ಲಿ ಸೈಕಲ್‌ನವರನ್ನು ನೋಡ್ಲಿಕ್ಕೆ ಅಣ್ಣನ ಮಕ್ಕಳು ನಿಲ್ತಾರೆ.

ಶೃಂಗೇರಿ ಕಡೆಯಿಂದ ಬರುವಾಗ ತನಿಕೋಡಿನಲ್ಲಿ ಅರಣ್ಯ ಇಲಾಖೆ ಚೆಕ್‌ಪೋಸ್ಟ್ ಸಿಗ್ತದೆ. ಅಲ್ಲಿಂದ ಮುಂದೆ ರಾಷ್ಟ್ರೀಯ ಉದ್ಯಾನ. ನಾವು ಹೋದಾಗ ಹೊತ್ತು ಬರೆದ ಚೀಟಿ ಕೊಟ್ಟಿದ್ರು, ಇಷ್ಟು ಹೊತ್ತಲ್ಲಿ ಆ ಕಡೆ ದಾಟಬೇಕು ಅಂತ. ಆ ಲೆಕ್ಕ ಕಾರು, ಬೈಕಿಗೆ. ಸೈಕಲ್ಲು ಅಂತ ಮೊದಲೇ ಹೇಳಿ ಸಮಯ ಕೇಳಿಕೊಳ್ಳಿ. ನಡುವೆ ಎಲ್ಲೆಂದರಲ್ಲಿ ನಿಲ್ಲಬೇಡಿ, ಕಾಡಿನ ಒಳಗಂತೂ ಕಾಲಿಡಬೇಡಿ. ಕಾಟಿ (ಕಾಡುಕೋಣ) ರಸ್ತೆ ದಾಟ್ತಾ ಇದ್ರೆ ದೂರದಲ್ಲೇ ನಿಂತು ದಾರಿ ಬಿಡಿ. ಒಂದು ದಾಟಿತು ಅಂತ ಹೊರಡಬೇಡಿ, ಹಿಂದೆ ಮರಿ ಇರ್ತದೆ. ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಎಷ್ಟು ಗಂಟೆಗೆ ಬಜಗೋಳಿ ಮುಟ್ತೀರಿ ಅಂತ ಮನೆಯಲ್ಲಿ ಹೇಳಿ ಹೊರಡಿ.

ಇನ್ನೊಂದು ವಿಷಯ ಯಾರೂ ಎತ್ತಿಲ್ಲ, ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಸಿಕ್ಕಿದ್ದು. ಉಣುಗು ಕಚ್ಚಿ ಬರುವ ಜ್ವರ. ಮಳೆ ಬಿಟ್ಟ ಮೇಲೆ ಬೇಸಿಗೆಯವರೆಗೆ ಅದರ ಕಾಲ, ಅಂದರೆ ಸೈಕಲ್‌ನವರಿಗೆ ಹಿತವಾದ ಕಾಲವೇ. ಡಾಂಬರಿನ ಮೇಲೆ ಇದ್ದವರಿಗೆ ಏನೂ ಹೆದರಿಕೆ ಇಲ್ಲ. ಸುಸ್ತಾಯಿತು ಅಂತ ಮರದ ಬುಡದ ತರಗೆಲೆ ಮೇಲೆ ಕಾಲು ಚಾಚಿ ಕೂರಬೇಡಿ ಅಷ್ಟೇ. ಕೂರಲೇಬೇಕಾದರೆ ಮೋರಿಯ ಕಟ್ಟೆ ಇದೆ. ರಾತ್ರಿ ಸ್ನಾನ ಮಾಡುವಾಗ ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಹತ್ತಿರ ಒಮ್ಮೆ ನೋಡಿಕೊಳ್ಳಿ. ಇಂಬಳ (ಜಿಗಣೆ) ಆದರೆ ರಕ್ತ ಕುಡಿದು ತಾನೇ ಬೀಳ್ತದೆ, ಅದಕ್ಕೆ ಕಿರುಚುವ ಅಗತ್ಯ ಇಲ್ಲ.

ಒಂಟಿ ಪೆಡಲ್:

ಶೃಂಗೇರಿ ಮಠದಲ್ಲಿ ಮಧ್ಯಾಹ್ನ ಪ್ರಸಾದದ ಊಟ ಇರುತ್ತೆ. ಸೈಕ್ಲಿಂಗ್ ಚಡ್ಡಿಯಲ್ಲಿ ಹೋಗಿ ಬೈಸ್ಕೋಬೇಡಿ. ನಾನು ಹ್ಯಾಂಡಲ್ ಚೀಲದಲ್ಲಿ ಒಂದು ಪಂಚೆ ಇಟ್ಟಿರ್ತೀನಿ. ಊಟಕ್ಕೂ ಆಯ್ತು, ರಾತ್ರಿ ಹೊದ್ಕೊಳ್ಳೋಕೂ ಆಯ್ತು.

ಸಂತೆಕಟ್ಟೆಯವಳು:

ಹೋಗಿ ಬಂದೆ! ವರದಿ ಕೊಡೋದು ತಡ ಆಯ್ತು, ಕ್ಷಮಿಸಿ.

ಹಿಂದೆ 32 ಹಾಕಿಸಿದ್ದೆ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟೆ, ಹೆಬ್ರಿಯಲ್ಲಿ ಬನ್ಸ್ ತಿಂದೆ (ಒಂಟಿ ಪೆಡಲ್ ಅವರೇ, ಎರಡು). ಟಪ್ಪಾಲಣ್ಣ ಹೇಳಿದ ಹಾಗೆ ಘಾಟಿ ಪೂರ್ತಿ ನೆರಳು. ಎಡಕ್ಕೆ ತಿರುಗೋ ಒಂದು ಸುತ್ತಲ್ಲಿ ಇಳಿದು ತಳ್ಳಿದೆ. ಮಿನಿ ಬಸ್ ಬಂತು ಅಂತ ಮನೇಲಿ ಹೇಳಿದೀನಿ. ಬಸ್ ಬಂದಿರಲಿಲ್ಲ. ಮೊದಲ ಎರಡು ಸುತ್ತಲ್ಲಿ ಕೂ ಹಾಕೋಕೆ ನಾಚಿಕೆ ಆಯ್ತು, ಮೂರನೇದ್ರಲ್ಲಿ ಮೆಲ್ಲಗೆ ಹಾಕಿದೆ, ಆಮೇಲೆ ಗಂಟಲು ತಾನೇ ಬಿಟ್ಕೊಳ್ತು. ಮೇಲಿಂದ ಯಾರೋ ವಾಪಸ್ ಕೂ ಹಾಕಿದ್ರು. ಯಾರು ಅಂತ ಕಾಣಲಿಲ್ಲ.

ತನಿಕೋಡಲ್ಲಿ ಗಾರ್ಡ್ ರಿಜಿಸ್ಟರ್ ತೆಗೆದು ‘ಗಾಡಿ ನಂಬರ್?’ ಅಂದ್ರು. ಇಲ್ಲ ಅಂದೆ. ಸೈಕಲ್ಲನ್ನ ಒಂದು ಸುತ್ತು ನೋಡಿ, ನಂಬರಿನ ಜಾಗದಲ್ಲಿ ‘ಲೇಡೀಸ್ ಸೈಕಲ್’ ಅಂತ ಬರೆದ್ರು. ಎಂಟು ಕೆಜಿ ರೇಸಿಂಗ್ ಸೈಕಲ್‌ಗೆ!

ಮಾಳ ಇಳಿಯೋಕೆ ಶುರು ಮಾಡಿದಾಗ ಹತ್ತೂವರೆ. ಹಿಡಿ, ಬಿಡು, ಹಿಡಿ, ಬಿಡು ಅಂತ ಬಾಯಲ್ಲೇ ಹೇಳ್ಕೊಂಡು ಇಳಿದೆ. ಬಿಡು ಅಂದಾಗ ಕೈ ಮೊದಲೆಲ್ಲ ಬಿಡ್ತಾನೇ ಇರಲಿಲ್ಲ. ಮೂರು ಕಡೆ ನಿಂತು ರಿಮ್ ಹತ್ರ ಕೈ ಹಿಡಿದು ನೋಡಿದೆ. ಮೊದಲ ಸಲ ಮುಟ್ಟೋಕಾಗದಷ್ಟು ಬಿಸಿ, ಮೂರನೇ ಸಲ ಕಾಫಿ ಲೋಟದಷ್ಟು. ಕೆಳಗೆ ಬಂದಾಗ ಬೆರಳು ಮರಗಟ್ಟಿರಲಿಲ್ಲ.

ಮಾಳದ ಮಗಳು, ರಸ್ತೆ ಬದಿ ಮೂರು ಮಕ್ಕಳು ಕೈ ಬೀಸಿದ್ರು. ನಿಮ್ಮ ಅಣ್ಣನ ಮಕ್ಕಳಾ? ಒಬ್ಬನ ಕೈಯಲ್ಲಿ ಹಸಿರು ಛತ್ರಿ ಇತ್ತು.

ಮಾಳದ ಮಗಳು:

ಹಸಿರು ಛತ್ರಿ ನಮ್ಮವನೇ. ಮಳೆ ಇಲ್ಲದಿದ್ರೂ ಹಿಡ್ಕೊಂಡು ತಿರುಗ್ತಾನೆ.

ಟಪ್ಪಾಲು ಸೈಕಲ್:

ಮೇಡಂ, ವಾಪಸ್ ಕೂ ಹಾಕಿದ್ದು ಯಾವ ವಾರ? ಆದಿತ್ಯವಾರ ಆದರೆ ನಾನೇ ಇರಬಹುದು. ಅವತ್ತು ಸೂರ್ಯಾಸ್ತದ ಕಟ್ಟೆಯಲ್ಲಿ ಕೂತು ಪಂಕ್ಚರ್ ಹಾಕ್ತಾ ಇದ್ದೆ, ಕೆಳಗಿನಿಂದ ಒಂದು ಹೆಂಗಸಿನ ಕೂ ಕೇಳಿತು. ಪೇಟೆಯ ಕೂ ಅಂತ ಆಗಲೇ ಗೊತ್ತಾಯ್ತು, ಕೊನೆಯಲ್ಲಿ ಎಳೆಯಬೇಕು ಅದನ್ನು.